ಎಂ10 ಥ್ರೆಡ್ ಇನ್ಸರ್ಟ್ ಕಿಟ್: ನಿಂತ ಬೋಲ್ಟಿಗೆ ಸೈ, ಓಡುವ ಸ್ಕ್ರೂಗೆ ಬೇಡ

ಹಾಳಾದ ಬೋಲ್ಟ್ ತೂತಿನೊಳಗೆ ತಂತಿಯ ಸುರುಳಿ ಕೂರಿಸಿ ಹೊಸ ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ಹಲ್ಲು) ಕೊಡುವ ಈ ಕಿಟ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಿಟ್‌ನಲ್ಲಿ ಬರುವ ಟ್ಯಾಪ್‌ಗಾಗಿ (ತೂತಿನೊಳಗೆ ಥ್ರೆಡ್ ಕೊರೆಯುವ ಟೂಲ್), ಅದರ ಕಥೆ ಮುಂದೆ ಹೇಳುತ್ತೇನೆ. ಹಳೇ ಲೇತ್ ಇಟ್ಟುಕೊಂಡವರಿಗೆ, ಎಷ್ಟು ಬಿಗಿ ಮಾಡಿದರೂ ಬೋಲ್ಟ್ ಸುಮ್ನೆ ತಿರುಗುತ್ತಲೇ ಇರುವ ತೂತುಗಳಿಂದ ತಲೆ ಕೆಟ್ಟವರಿಗೆ, ಇದು ದುಡ್ಡು ಕೊಟ್ಟು ತೆಗೆದುಕೊಳ್ಳಬಹುದಾದ ಸಾಮಾನು. ಆದರೆ ಡಬ್ಬಿಯ ಮೇಲೆ ಎಲ್ಲ ಬಗೆಯ ಹಾಳಾದ ಥ್ರೆಡ್‌ಗೂ ಇದೇ ಮದ್ದು ಅನ್ನೋ ಅರ್ಥದಲ್ಲಿ ಬರೆದಿದ್ದಾರೆ ನೋಡಿ, ಅದನ್ನು ನಂಬಬೇಡಿ. ಲೇತ್‌ನಲ್ಲಿ ಥ್ರೆಡ್ ಎರಡು ಥರ ಇರುತ್ತದೆ. ಬೋಲ್ಟ್ ಹಾಕಿ ಬಿಗಿ ಮಾಡಿ ಮರೆತುಬಿಡುವಂಥದ್ದು ಒಂದು. ದಿನವಿಡೀ ಓಡಾಡುವಂಥದ್ದು ಇನ್ನೊಂದು: ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಸ್ಕ್ರೂ, ಥ್ರೆಡ್ ಕಟ್ ಮಾಡುವಾಗ ಟೂಲನ್ನು ಉದ್ದಕ್ಕೆ ನಡೆಸುವ ಲೀಡ್ ಸ್ಕ್ರೂ, ಅವುಗಳ ನಟ್. ಈ ಕಿಟ್ ಮೊದಲನೆಯದಕ್ಕೆ ಮಾತ್ರ.

ನನ್ನದು ಆರು ಅಡಿಯ ರಾಜ್‌ಕೋಟ್ ಲೇತ್, ಸೆಕೆಂಡ್ ಹ್ಯಾಂಡ್. ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೆಡ್ ಖಾಲಿ ಮಾಡುತ್ತಿದ್ದ ಒಬ್ಬರಿಂದ ತೆಗೆದುಕೊಂಡಿದ್ದು. ಬರುವ ಕೆಲಸ ಜಾಸ್ತಿ ದಾಲ್ ಮಿಲ್‌ಗಳದ್ದೇ. ಶಾಫ್ಟ್, ಪುಲ್ಲಿ, ಬುಷ್. ಹೊಸ ತೊಗರಿ ಬರಲು ಶುರುವಾಯಿತು ಅಂದ್ರೆ ಮಿಲ್‌ನವರು ಬೆಳಗ್ಗೆ ಫೋನ್ ಮಾಡಿ ಸಂಜೆಗೆ ಶಾಫ್ಟ್ ಬೇಕು ಅನ್ನುತ್ತಾರೆ, ಆಗ ಮಷಿನ್ ನಿಲ್ಲಿಸುವ ಮಾತೇ ಇಲ್ಲ. ಆ ಭರಾಟೆ ಇಳಿದ ಮೇಲೆ ಬೇಸಿಗೆಯಲ್ಲಿ ಬಿಚ್ಚಿದೆ. ತಗಡಿನ ಶೆಡ್, ಹೊರಗೆ 42 ಡಿಗ್ರಿ, ಪಾನಾ ಮುಟ್ಟಿದರೆ ಕೈ ಸುಡುತ್ತದೆ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೀಡ್ ಸ್ಕ್ರೂವಿನ ಬಲ ತುದಿಯನ್ನು ಹಿಡಿದಿರುವ ಬ್ರ್ಯಾಕೆಟ್ ಇರುತ್ತದಲ್ಲ, ಅದರ ಒಂದು ಬೋಲ್ಟ್ ಕೈಯಲ್ಲೇ ಹೊರಬಂತು. ಇನ್ನೊಂದರ ತೂತಿನಲ್ಲಿ ಹಳೇ ಮಾಲೀಕರು ಎಂ-ಸೀಲ್ ತುಂಬಿ, ಅದರೊಳಗೆ ಬೋಲ್ಟ್ ಒತ್ತಿ ಕೂರಿಸಿದ್ದರು! ಎಂ-ಸೀಲ್ ಇರೋದು ನೀರಿನ ಪೈಪ್ ಸೋರಿದರೆ ಹಚ್ಚಲಿಕ್ಕೆ, ಲೀಡ್ ಸ್ಕ್ರೂ ಹಿಡಿದಿಡಲಿಕ್ಕಲ್ಲ. ಥ್ರೆಡ್ ಕಟ್ ಮಾಡುವಾಗ ಆ ಬ್ರ್ಯಾಕೆಟ್ ಅಲುಗಾಡಿದರೆ ಜಾಬ್ ಮೇಲೆ ಗೊತ್ತಾಗಿಯೇ ಆಗುತ್ತದೆ. ಟೂಲ್ ಹಿಡಿದಿಡುವ ಟೂಲ್ ಪೋಸ್ಟ್‌ನಲ್ಲೂ ಕೆಲವು ತೂತುಗಳ ಥ್ರೆಡ್ ಹೋಗಿತ್ತು. ಕ್ರಾಸ್ ಸ್ಲೈಡ್ ಹ್ಯಾಂಡಲ್ ಅಂತೂ ಅರ್ಧ ಸುತ್ತು ತಿರುಗಿಸುವ ತನಕ ಸ್ಲೈಡ್ ಕದಲುತ್ತಲೇ ಇರಲಿಲ್ಲ.

ಕಿಟ್ ವಿಷಯಕ್ಕೆ ಬರುವ ಮುಂಚೆ, ಈ ತೂತುಗಳು ಯಾಕೆ ಹಾಳಾಗುತ್ತವೆ ಅಂತ ಹೇಳಲೇಬೇಕು, ಇಲ್ಲದಿದ್ದರೆ ಕಿಟ್ ಹಾಕಿದ ಮೇಲೂ ಅದೇ ಕಥೆ. ನಮ್ಮ ಕಡೆ ನಾನು ಜಾಸ್ತಿ ನೋಡಿರುವ ಕಾರಣ ಸೂತು (ಇಂಚಿನ ಎಂಟನೇ ಒಂದು ಪಾಲು) ಮತ್ತು ಎಂಎಂ ಬೆರಕೆ. ಹಳೇ ಮಷಿನ್‌ಗಳಲ್ಲಿ ಬಿಎಸ್‌ಡಬ್ಲ್ಯು (ಬ್ರಿಟಿಷ್ ವಿಟ್‌ವರ್ತ್) ಥ್ರೆಡ್, ಇಂಚಿನ ಲೆಕ್ಕ, ಹಲ್ಲಿನ ಕೋನ 55 ಡಿಗ್ರಿ. ಈಚಿನವುಗಳಲ್ಲಿ ಮೆಟ್ರಿಕ್, 60 ಡಿಗ್ರಿ. ವರ್ಕ್‌ಶಾಪಿನಲ್ಲಿ ಎರಡೂ ಒಂದೇ ಡಬ್ಬದಲ್ಲಿ ಬಿದ್ದಿರುತ್ತವೆ. ಮೂರು ಸೂತಿನ ಬೋಲ್ಟ್ ಅಂದ್ರೆ 3/8 ಇಂಚು, 9.525 ಎಂಎಂ, ಇಂಚಿಗೆ 16 ಹಲ್ಲು. ಅದನ್ನು ಎಂ10 ತೂತಿಗೆ ಹಾಕಿ ನೋಡಿ, ಮೊದಲ ಕೆಲವು ಸುತ್ತು ಆರಾಮಾಗಿ ಹೋಗುತ್ತದೆ. ಎಂ10 ಪಿಚ್, ಅಂದ್ರೆ ಹಲ್ಲಿನಿಂದ ಹಲ್ಲಿಗೆ ಇರುವ ದೂರ, 1.5 ಎಂಎಂ, ಮೂರು ಸೂತಿನದ್ದು 1.5875. ಒಂದೆರಡು ಹಲ್ಲಿಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ, ಹತ್ತು ಹಲ್ಲಿಗೆ ಬರುವಷ್ಟರಲ್ಲಿ ಸುಮಾರು 0.9 ಎಂಎಂ, ಅಂದ್ರೆ ಅರ್ಧ ಹಲ್ಲಿಗಿಂತ ಜಾಸ್ತಿ. ಬೋಲ್ಟ್ ಬೇರೆ ತೆಳ್ಳಗೆ, ಹಲ್ಲಿನ ತುದಿ ಮಾತ್ರ ಹಿಡಿದಿರುತ್ತದೆ, ಭಾರವೆಲ್ಲ ಒಂದೆರಡು ಹಲ್ಲಿನ ಮೇಲೆ. ಪಾನಾ ಹಾಕಿ ಜೋರಾಗಿ ಎಳೆದರೆ ಬೀಡಿನ (ಎರಕದ ಕಬ್ಬಿಣದ) ಹಲ್ಲು ಪುಡಿ ಪುಡಿ. ನಾಲ್ಕು ಸೂತಿನ ತೂತಿಗೆ ಎಂ12 ಬೋಲ್ಟ್ ಹಾಕುವವರೂ ಇದ್ದಾರೆ. ಅಲ್ಲಿ ಪಿಚ್ 2.117 ಎದುರು 1.75, ಒಂದೆರಡು ಸುತ್ತಿಗೇ ಕಚ್ಚಿಕೊಳ್ಳುತ್ತದೆ, ಆದರೂ ಪಾನಾಗೆ ಪೈಪ್ ಸಿಕ್ಕಿಸಿ ತಿರುಗಿಸುತ್ತಾರೆ. ಬೋಲ್ಟ್ ಮೇಲೆ ಪಿಚ್ ಗೇಜ್ ಇಟ್ಟು ನೋಡಲು ಎಷ್ಟು ಹೊತ್ತು ಬೇಕು ಹೇಳಿ?

ಈಗ ಕಿಟ್. ನಾನು ಆನ್‌ಲೈನ್‌ನಲ್ಲಿ ತರಿಸಿದ್ದು ಎಂ10×1.5 ಒಂದೇ ಸೈಜಿನದ್ದು, ಸಾವಿರ ರೂಪಾಯಿಯೊಳಗೆ ಬಂತು. ಒಂದು ಡ್ರಿಲ್ ಬಿಟ್, ಒಂದು ಟ್ಯಾಪ್, ಸುರುಳಿ ಕೂರಿಸುವ ಟೂಲ್, ಅದರ ಬಾಲ ಮುರಿಯುವ ಪಂಚ್, ಒಂದಿಷ್ಟು ಸುರುಳಿಗಳು. ಹೆಲಿಕಾಯಿಲ್ ಬ್ರ್ಯಾಂಡ್‌ನದ್ದಲ್ಲ, ಅದೇ ನಮೂನೆಯ ಅಗ್ಗದ ಮಾಲು. ಉಪಾಯ ಸರಳ. ಹಾಳಾದ ತೂತನ್ನು ದೊಡ್ಡದು ಮಾಡಿ, ಅದಕ್ಕೆ ಹೊಸ ಥ್ರೆಡ್ ಹಾಕಿ, ಆ ಥ್ರೆಡ್‌ನೊಳಗೆ ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ತಿರುಗಿಸಿ ಕೂರಿಸುವುದು. ತಂತಿ ದುಂಡಗಿಲ್ಲ, ಅಡ್ಡ ಕೊಯ್ದು ನೋಡಿದರೆ ವಜ್ರದ ಆಕಾರ. ಹೊರಗಿನ ಮೂಲೆ ಬೀಡಿನ ಥ್ರೆಡ್‌ನಲ್ಲಿ ಕೂರುತ್ತದೆ, ಒಳಗಿನ ಮೂಲೆಯೇ ನಿಮ್ಮ ಬೋಲ್ಟಿಗೆ ಥ್ರೆಡ್. ಬೋಲ್ಟ್ ಅದೇ ಎಂ10 ಉಳಿಯುತ್ತದೆ. ಸುರುಳಿ ಒಳಗೆ ಹೋಗುವ ಮುಂಚೆ ತೂತಿಗಿಂತ ಸ್ವಲ್ಪ ದಪ್ಪಗಿರುತ್ತದೆ, ಒಳಗೆ ಹೋದ ಮೇಲೆ ಸ್ಪ್ರಿಂಗ್‌ನಂತೆ ಹೊರಕ್ಕೆ ಒತ್ತಿ ಕೂರುತ್ತದೆ, ಅದಕ್ಕೇ ಬೋಲ್ಟ್ ಬಿಚ್ಚಿದರೂ ಹಿಂದೆ ಬರಲ್ಲ.

ಸಾಮಾನ್ಯ ಎಂ10 ಟ್ಯಾಪಿಗೆ 8.5 ಡ್ರಿಲ್ ಹಾಕುತ್ತೀರಿ, ಇದಕ್ಕೆ 10.4. ಕಿಟ್‌ನ ಟ್ಯಾಪ್ ಹೊರ ಅಳತೆ 11.95ರ ಹತ್ತಿರ. ಇದರಲ್ಲಿ ನನಗೆ ಇಷ್ಟವಾದ ಒಂದು ಲಾಭ ಏನಂದ್ರೆ, ಮೂರು ಸೂತಿನ ಹಳೇ ತೂತಿಗೂ ಇದೇ ಕಿಟ್ ನಡೆಯುತ್ತದೆ. 10.4 ಡ್ರಿಲ್ ಹೋಯಿತು ಅಂದ್ರೆ 9.525ರ ಹಳೇ ಥ್ರೆಡ್ ಪೂರ್ತಿ ಅಳಿಸಿಹೋಗುತ್ತದೆ, ಇಂಚಿನ ತೂತು ಶಾಶ್ವತವಾಗಿ ಮೆಟ್ರಿಕ್ ಆಗಿಬಿಡುತ್ತದೆ. ನನ್ನ ಬ್ರ್ಯಾಕೆಟ್‌ನ ಎರಡೂ ತೂತು ಈಗ ಎಂ10. ಇನ್ನು ಶಕ್ತಿ ಹೇಗೆ ಅಂದ್ರೆ, ಬೀಡಿನಲ್ಲಿ ಕೊರೆದ ಥ್ರೆಡ್ ಈಗ 12 ಎಂಎಂ ವ್ಯಾಸದ್ದು, ಮೊದಲಿಗಿಂತ ಜಾಸ್ತಿ ಲೋಹ ಭಾರ ಹೊರುತ್ತದೆ. ಸರಿಯಾಗಿ ಕೂರಿಸಿದರೆ ಹೊಸ ತೂತಿಗಿಂತ ಗಟ್ಟಿ ಅನ್ನೋದು ಜಾಹೀರಾತಿನ ಮಾತಲ್ಲ.

ಸರಿಯಾಗಿ ಕೂರಿಸೋದು ಅಂದ್ರೆ ಮುಖ್ಯವಾಗಿ ನೇರವಾಗಿ ಡ್ರಿಲ್ ಮಾಡೋದು. ಬ್ರ್ಯಾಕೆಟ್‌ನಲ್ಲಿ ಬೋಲ್ಟ್ ಹಾಯುವ ತೂತು 11 ಎಂಎಂ, ಬೋಲ್ಟ್ 10. ಅಂದ್ರೆ ಸುತ್ತ ಅರ್ಧ ಎಂಎಂ ಜಾಗ. ನಿಮ್ಮ ಡ್ರಿಲ್ ಅದಕ್ಕಿಂತ ಜಾಸ್ತಿ ಸರಿದರೆ ಬ್ರ್ಯಾಕೆಟನ್ನು ಅದರ ಜಾಗದಲ್ಲೇ ನಿಲ್ಲಿಸುವ ಟೇಪರ್ ಪಿನ್ ಒಂದು ಕಡೆ, ಬೋಲ್ಟ್ ಇನ್ನೊಂದು ಕಡೆ ಎಳೆಯುತ್ತದೆ. ಹಲ್ಲು ಕಿತ್ತುಹೋದ ತೂತಿನಲ್ಲಿ ಹ್ಯಾಂಡ್ ಡ್ರಿಲ್ ಎಲ್ಲಿ ಮೆತ್ತಗಿದೆಯೋ ಅಲ್ಲಿಗೆ ಓಡುತ್ತದೆ. ಹಾಗಾಗಿ ಮಷಿನ್ ಬಿಚ್ಚುವ ಮುಂಚೆಯೇ ಅದರಲ್ಲೇ ಒಂದು ಎಂಎಸ್ (ಮೈಲ್ಡ್ ಸ್ಟೀಲ್) ತುಂಡಿನ ಮುಖ ಫೇಸ್ ಮಾಡಿ (ಸಪಾಟು ಮಾಡಿ), ಅದೇ ಹಿಡಿತದಲ್ಲಿ 10.4 ತೂತು ಹಾಕಿಟ್ಟುಕೊಂಡಿದ್ದೆ. ಅದನ್ನು ಬೆಡ್‌ನ (ಲೇತ್‌ನ ಉದ್ದನೆಯ ತಳಭಾಗದ) ಮೇಲೆ ಜಿ ಕ್ಲ್ಯಾಂಪ್‌ನಿಂದ ಹಿಡಿಸಿ ಅದರೊಳಗಿಂದ ಡ್ರಿಲ್ ಬಿಟ್ಟರೆ ಡ್ರಿಲ್ ಎಲ್ಲೂ ಓಡಲ್ಲ. ಈ ಗೈಡ್ ಕಿಟ್ ಜೊತೆ ಬರಲ್ಲ, ಬರಬೇಕಿತ್ತು.

ಪಕ್ಕದ ಶೆಡ್‌ನಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದಾರೆ, ನಾವೆಲ್ಲ ಚಾಚಾ ಅನ್ನುತ್ತೇವೆ. ಟ್ಯಾಪ್ ಹಾಕುವಾಗ ಏನು ಎಣ್ಣೆ ಹಾಕಲಿ ಚಾಚಾ ಅಂತ ಕೇಳಿದ್ದಕ್ಕೆ, "ತಮ್ಮಾ, ಬೀಡಿಗಿ ಎಣ್ಣಿ ಬ್ಯಾಡ. ಪುಡಿ ಎಲ್ಲಾ ಕೆಸರಾಗಿ ಟ್ಯಾಪ್ ಹಿಡೀತದ. ಒಣಾನೇ ಹೊಡಿ, ಬಾಳಂದ್ರ ಒಂದ್ ಹನಿ ಸೀಮಿ ಎಣ್ಣಿ" ಅಂದರು. ಸರಿಯಾದ ಮಾತು. ಬೀಡಿನಲ್ಲೇ ಗ್ರಾಫೈಟ್ ಇರುತ್ತದೆ, ಅದೇ ಜಾರಿಕೆ ಕೊಡುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಟ್ಯಾಪ್ ಪೂರ್ತಿ ತೆಗೆದು ಪುಡಿ ಖಾಲಿ ಮಾಡಿ. ಆ ಪುಡಿಯನ್ನು ಊದಬೇಡಿ. ಕಣ್ಣಿಗೂ ಕೆಟ್ಟದ್ದು, ಬೆಡ್‌ನ ಎಣ್ಣೆಗೆ ಬೆರೆತರೆ ಗ್ರೈಂಡಿಂಗ್ ಪೇಸ್ಟ್ ಆಗಿ ಸ್ಲೈಡ್ ಸವೆಸುತ್ತದೆ. ಬೆಡ್ ಮೇಲೆ ಒದ್ದೆ ಬಟ್ಟೆ ಹಾಸಿ, ಪುಡಿಯನ್ನು ಆಯಸ್ಕಾಂತದಿಂದ ಎತ್ತಿಕೊಳ್ಳಿ.

ಸುರುಳಿ ಕೂರಿಸೋದು ನಿಜಕ್ಕೂ ಸುಲಭ. ಟೂಲ್‌ಗೆ ಸಿಕ್ಕಿಸಿ, ಒತ್ತದೆ ಸುಮ್ನೆ ತಿರುಗಿಸುತ್ತಾ ಹೋಗಿ. ಮೇಲ್ಗಡೆಯ ತುದಿ ತೂತಿನ ಬಾಯಿಂದ ಕಾಲು ಇಲ್ಲವೇ ಅರ್ಧ ಸುತ್ತಿನಷ್ಟು ಒಳಗಿಳಿದ ಮೇಲೆ ನಿಲ್ಲಿಸಿ. ಆಮೇಲೆ ಪಂಚ್ ಇಟ್ಟು ಒಂದು ಏಟು, ತಳದ ಬಾಲ ಟಕ್ ಅಂತ ಮುರಿಯುತ್ತದೆ. ಮುರಿದ ಚೂರು ಸ್ಟೇನ್‌ಲೆಸ್, ಆಯಸ್ಕಾಂತ ಅಷ್ಟಾಗಿ ಎಳೆಯಲ್ಲ, ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಎತ್ತಬೇಕು. ಆ ಚೂರು ತೂತಿನ ತಳದಲ್ಲೇ ಉಳಿದರೆ ಬೋಲ್ಟ್ ಪೂರ್ತಿ ಇಳಿಯಲ್ಲ.

ಇನ್ನು ಬೈಗುಳ. ಟ್ಯಾಪ್ ಕಾರ್ಬನ್ ಸ್ಟೀಲ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಅಲ್ಲ. ಬೀಡಿನ ತೂತುಗಳಿಗೆ ಹೇಗೋ ನಡೆಯಿತು, ಟೂಲ್ ಪೋಸ್ಟ್‌ನ ಉಕ್ಕಿಗೆ ಬರುವಷ್ಟರಲ್ಲಿ ಅಂಚು ಮೊಂಡಾಗಿ ಕಿರ್ ಕಿರ್ ಅನ್ನತೊಡಗಿತು. ಮೇಲಾಗಿ ಕೊಡೋದು ಒಂದೇ ಟ್ಯಾಪ್. ನಾವು ಅಂಗಡಿಯಲ್ಲಿ ಸೆಟ್ ತೆಗೆದುಕೊಂಡರೆ ಒಂದು, ಎರಡು, ಮೂರು ಅಂತ ಬರುತ್ತವಲ್ಲ, ಮೂರನೆಯದು ತಳದ ತನಕ ಥ್ರೆಡ್ ಹಾಕುತ್ತದೆ. ಇಲ್ಲಿ ಅದು ಇಲ್ಲ. ತೂತು ಆರಪಾರ ಇದ್ದರೆ ತೊಂದರೆಯಿಲ್ಲ. ತಳ ಮುಚ್ಚಿದ ತೂತಾದರೆ ಟ್ಯಾಪ್‌ನ ಚೂಪು ಭಾಗದಷ್ಟು ಆಳಕ್ಕೆ ಥ್ರೆಡ್ಡೇ ಬೀಳಲ್ಲ, 15 ಎಂಎಂ ಸುರುಳಿ ಕೂರಲು ಜಾಗ ಸಾಲಲ್ಲ. ಡ್ರಿಲ್ ಇನ್ನೂ ಆಳ ಬಿಡೋಣ ಅಂದ್ರೆ ಹೆಡ್‌ಸ್ಟಾಕ್‌ನಂಥ ಕಡೆ ಆಚೆ ಎಣ್ಣೆ ಇರುತ್ತದೆ. ಆರಪಾರ ತೂತುಗಳನ್ನೆಲ್ಲ ಮೊದಲು ಮುಗಿಸಿ, ಕೊನೆಗೆ ಟ್ಯಾಪ್‌ನ ಮೂತಿಯನ್ನು ಗ್ರೈಂಡ್ ಮಾಡಿ ಚಪ್ಪಟೆ ಮಾಡಿಕೊಳ್ಳೋದೇ ದಾರಿ.

ಟ್ಯಾಪ್ ಮುರಿದುಹೋದರೆ ಇನ್ನೊಂದು ಕಿಟ್ ಬರುವ ತನಕ ಕಾಯಬೇಕಾ? ಬೇಕಿಲ್ಲ, ಎಂ12×1.5 ಫೈನ್ ಟ್ಯಾಪ್ ಹುಡುಕಿ. ಅಳತೆ ಹಾಕಿ ನೋಡಿದೆ, ಪಿಚ್ ಅದೇ, ಪಿಚ್ ವ್ಯಾಸದಲ್ಲಿ ವ್ಯತ್ಯಾಸ ಬರೀ 0.05 ಎಂಎಂ. ಸುರುಳಿ ಒಂದಿಷ್ಟು ಸಡಿಲ ಕೂರುತ್ತದೆ, ಬ್ರ್ಯಾಕೆಟ್ ಕವರ್‌ಗಳಂಥ ಕಡೆ ಅಡ್ಡಿಯಿಲ್ಲ. ಮಾಮೂಲಿ ಎಂ12 ಟ್ಯಾಪ್ ಮಾತ್ರ ಬೇಡ, ಅದರ ಪಿಚ್ 1.75.

ಟೂಲ್ ಪೋಸ್ಟ್ ಬಗ್ಗೆ ಪ್ರತ್ಯೇಕ ಹೇಳಬೇಕು. ಅಲ್ಲಿ ಸ್ಕ್ರೂ ದಿನಕ್ಕೆ ಎಷ್ಟೋ ಸಲ ಬಿಚ್ಚಿ ಹಾಕುತ್ತೇವೆ. ಟೂಲ್ ಒತ್ತಿ ಒತ್ತಿ ಸ್ಕ್ರೂವಿನ ತುದಿ ಅಣಬೆಯ ಹಾಗೆ ಅಗಲವಾಗುತ್ತದೆ, ಅದನ್ನು ಮೇಲಕ್ಕೆ ಬಿಚ್ಚುವಾಗ ಥ್ರೆಡ್ ಕೆರೆದುಕೊಂಡೇ ಬರುತ್ತದೆ. ಟೂಲ್ ಪೋಸ್ಟ್‌ನ ಥ್ರೆಡ್ ಹಾಳಾಗೋದು ಹೀಗೆ. ಇಂಥ ಸ್ಕ್ರೂ ಇಟ್ಟುಕೊಂಡು ಸುರುಳಿ ಹಾಕಿದರೆ ಸುರುಳಿಯೂ ಅದರ ಜೊತೆ ಎದ್ದು ಬರುತ್ತದೆ. ಮೊದಲು ಎಲ್ಲ ಸ್ಕ್ರೂಗಳ ತುದಿಯನ್ನು ಮೂರ್ನಾಲ್ಕು ಎಂಎಂ ಉದ್ದಕ್ಕೆ ಥ್ರೆಡ್‌ನ ತಳಕ್ಕಿಂತ ಸಣ್ಣದಾಗಿ ಟರ್ನ್ ಮಾಡಿ, ಆಮೇಲೆ ಅಗಲವಾದರೂ ಥ್ರೆಡ್‌ಗೆ ತಾಗಲ್ಲ. ಹಾಗೆ ಮಾಡಿ ಹಾಕಿದ ಸುರುಳಿಗಳು ಇಷ್ಟು ದಿನ ಕೆಲಸ ಮಾಡಿಯೂ ಗಟ್ಟಿ ಇವೆ. ಆದರೂ ಟೂಲ್ ಪೋಸ್ಟ್‌ಗೆ ಸುರುಳಿಗಿಂತ ಒಂದು ಸೈಜ್ ದೊಡ್ಡ ಸ್ಕ್ರೂ ಹಾಕೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಗೋಡೆ ದಪ್ಪ ಇದ್ದರೆ.

ದೊಡ್ಡ ಬೋಲ್ಟ್ ಹಾಕುವ ಆ ಹಳೇ ಪದ್ಧತಿ ಬ್ರ್ಯಾಕೆಟ್‌ಗೂ ಆಗುತ್ತಿತ್ತು, ಆದರೆ ಬ್ರ್ಯಾಕೆಟ್ ತೂತೂ ದೊಡ್ಡದು ಮಾಡಬೇಕು, ಮುಂದೆ ಬಿಚ್ಚುವವನಿಗೆ ಒಂದು 17ರ ಪಾನಾ, ಒಂದು 19ರ ಪಾನಾ. ಎಂ16 ಎಂಎಸ್ ಪ್ಲಗ್ ಹಾಕಿ ಅಂಟು ಹಚ್ಚಿ ಅದರೊಳಗೆ ಎಂ10 ಹಾಕೋದು ಗಟ್ಟಿ ಕೆಲಸ, ಜಾಗ ಬೇಕು ಅಷ್ಟೆ. ವೆಲ್ಡಿಂಗ್ ಮಾಡಿ ತುಂಬಿಸೋಣ ಅಂದವರಿಗೆ ಮಾತ್ರ ಕೈ ಮುಗಿಯುತ್ತೇನೆ. ಬೀಡು ತಣ್ಣಗಾಗುವಾಗ ಬಿರಿಯುತ್ತದೆ, ಬಿರಿಯದಿದ್ದರೆ ವೆಲ್ಡ್ ಪಕ್ಕ ಡ್ರಿಲ್ ಹತ್ತದಷ್ಟು ಗಟ್ಟಿಯಾಗುತ್ತದೆ.

ಇನ್ನು ಓಡುವ ಥ್ರೆಡ್. ಕ್ರಾಸ್ ಸ್ಲೈಡ್ ನಟ್‌ಗೂ ಈ ಸುರುಳಿ ಹಾಕಬಹುದಾ ಅಂತ ಮಾರುವವರಿಗೆ ಮೆಸೇಜ್ ಹಾಕಿದ್ದೆ. "ಹಾಕಬಹುದು ಸರ್, ವರ್ಕ್ ಆಗುತ್ತೆ" ಅಂತ ಉತ್ತರ! ಆಗಲ್ಲ. ಸುರುಳಿಯದ್ದು ವಿ ಆಕಾರದ 60 ಡಿಗ್ರಿ ಥ್ರೆಡ್. ಸ್ಲೈಡ್ ಸ್ಕ್ರೂ ಚೌಕ ಥ್ರೆಡ್ ಇರುತ್ತದೆ, ಇಲ್ಲವೇ 29 ಡಿಗ್ರಿಯ ಆಕ್ಮೆ, ಇಲ್ಲವೇ 30 ಡಿಗ್ರಿಯ ಟ್ರಪೆಝಾಯ್ಡಲ್. ಆಕಾರವೇ ಬೇರೆ. ಸಾಲದ್ದಕ್ಕೆ ಅತ್ತಿತ್ತ ಓಡುವ ಸ್ಕ್ರೂ ಸುರುಳಿಯನ್ನು ಎಳೆದುಕೊಂಡು ಹೋಗುತ್ತದೆ.

ಆ ಕೆಲಸವನ್ನು ಚಾಚಾಗೆ ಕೊಟ್ಟೆ, ಹಾಗಾಗಿ ಇದು ಅವರ ಅಂಗಡಿಯ ರಿವ್ಯೂ ಕೂಡ. ಬರೀ ನಟ್ ಮಾಡಿಕೊಡಿ ಅಂದಿದ್ದಕ್ಕೆ ಅವರು ಸ್ಲೈಡನ್ನು ಆ ತುದಿ, ಈ ತುದಿ, ನಡುವೆ, ಮೂರೂ ಕಡೆ ನಿಲ್ಲಿಸಿ ಹ್ಯಾಂಡಲ್ ಆಟ (ಸ್ಲೈಡ್ ಕದಲದೆ ಸುಮ್ನೆ ತಿರುಗುವಷ್ಟು) ನೋಡಿದರು. "ಸ್ಕ್ರೂ ನಡಕ್ಕ ಸವದದ ತಮ್ಮಾ. ಹೊಸಾ ನಟ್ ಹಾಕಿದ್ರ ತುದೀಗಿ ಹೋಗಿ ಹಿಡೀತದ, ನಡಕ್ಕ ಬಂದು ಲೂಸ್ ಆಗ್ತದ. ಎರಡೂ ಮಾಡೂಣು." ಇಷ್ಟು ಹೇಳುವ ಟರ್ನರ್ ಸಿಕ್ಕರೆ ಬಿಡಬೇಡಿ. ಎಷ್ಟೋ ಜನ ಕೇಳಿದ್ದನ್ನಷ್ಟೇ ಮಾಡಿ ದುಡ್ಡು ತೆಗೆದುಕೊಳ್ಳುತ್ತಾರೆ.

ಅವರದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್. ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು, ಮಷಿನ್ ಓಡುತ್ತಲೇ ಇದೆ. ನನ್ನ ಸ್ಕ್ರೂ 20 ಎಂಎಂ, 4 ಎಂಎಂ ಪಿಚ್, ಎಡಗೈ ಥ್ರೆಡ್. ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಸ್ಲೈಡ್ ಮುಂದೆ ಹೋಗಬೇಕು ಅಂದ್ರೆ ಎಡಗೈ ಥ್ರೆಡ್ಡೇ ಆಗಬೇಕು, ಹೊಸ ಹುಡುಗರ ಕೈಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ಸ್ಕ್ರೂವನ್ನು ಇಎನ್8 ಉಕ್ಕಿನಲ್ಲಿ ಮಾಡುವಾಗ ಒಂದು ತುಂಡು ಉದ್ದ ಜಾಸ್ತಿ ಬಿಟ್ಟು ಥ್ರೆಡ್ ಕಟ್ ಮಾಡಿದರು. ಆಮೇಲೆ ಆ ತುಂಡನ್ನು ಕೊಯ್ದು, ಅದಕ್ಕೆ ಉದ್ದಕ್ಕೆ ಕಾಲುವೆ ಕೊರೆದು, ಮೂತಿ ಚೂಪು ಮಾಡಿ ಅದನ್ನೇ ಟ್ಯಾಪ್ ಮಾಡಿಕೊಂಡರು. ಗನ್‌ಮೆಟಲ್ (ಒಂದು ಬಗೆಯ ಕಂಚು) ನಟ್‌ಗೆ 16 ಎಂಎಂ ಬೋರ್, ಒಳಗಿನ ಥ್ರೆಡ್ ಮುಕ್ಕಾಲು ಪಾಲು ಟೂಲ್‌ನಿಂದ, ಕೊನೆಯ ಫಿನಿಶ್ ಈ ಟ್ಯಾಪ್‌ನಿಂದ. ಸ್ಕ್ರೂ ಮತ್ತು ಟ್ಯಾಪ್ ಒಂದೇ ಸೆಟ್ಟಿಂಗ್‌ನಲ್ಲಿ ಹುಟ್ಟಿದ ಕಾರಣ ನಟ್ ಸ್ಕ್ರೂಗೆ ಕೂತ ರೀತಿ ನೋಡಲು ಖುಷಿಯಾಗುತ್ತದೆ. ಬೇರೆ ಕಡೆ ಮಾಡಿಸುವವರು ಒಂದು ವಿಷಯ ಕೇಳಿಕೊಳ್ಳಿ: ಲೀಡ್ ಸ್ಕ್ರೂ ಇಂಚಿನದ್ದಾದರೆ, ಮೆಟ್ರಿಕ್ ಪಿಚ್ ಕರಾರುವಾಕ್ಕಾಗಿ ಬರಲು 127 ಹಲ್ಲಿನ ಗೇರ್ ಬೇಕು, ಮತ್ತು ಕೆಲಸ ಮುಗಿಯುವ ತನಕ ಲೀಡ್ ಸ್ಕ್ರೂವನ್ನು ಕಚ್ಚಿ ಹಿಡಿಯುವ ಹಾಫ್ ನಟ್ ಬಿಚ್ಚಬಾರದು. ಈ ಪ್ರಶ್ನೆಗೆ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಚಾಚಾ ಕೆಲಸಕ್ಕೆ ಐದಕ್ಕೆ ಐದು. ಟೈಮಿಗೆ ಎರಡು. ನಾಳೆ ಅಂದ್ರೆ ನಾಳೆ ಅಲ್ಲ, ನಡುವೆ ಖ್ವಾಜಾ ಬಂದೇ ನವಾಜರ ಉರುಸು ಬಂತು, ಅಂಗಡಿಗೆ ಬೀಗ. ಬಿಲ್ ಕೊಡಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಹ್ಯಾಂಡಲ್‌ನಲ್ಲಿ ಈಗ ಉಳಿದಿರುವ ಆಟ ಇರಲೇಬೇಕಾದಷ್ಟು ಮಾತ್ರ.

ಕಿಟ್ ತರಿಸುವವರಿಗೆ: ನೂರಕ್ಕೂ ಹೆಚ್ಚು ತುಣುಕುಗಳ, ಎಂ5ರಿಂದ ಎಂ12ರ ತನಕ ಇರುವ ದೊಡ್ಡ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಗೆಳೆಯರೊಬ್ಬರ ಬಳಿ ಇದೆ, ಟ್ಯಾಪ್‌ಗಳು ನನ್ನದಕ್ಕಿಂತ ಕಳಪೆ, ಅರ್ಧ ಸೈಜ್ ಮುಟ್ಟಿಯೇ ಇಲ್ಲ. ಬೇಕಾದ ಸೈಜ್ ಮಾತ್ರ ತೆಗೆದುಕೊಳ್ಳಿ. ಬಂದ ತಕ್ಷಣ ವರ್ನಿಯರ್‌ನಿಂದ ಡ್ರಿಲ್ ಅಳೆಯಿರಿ, 10.4 ಇಲ್ಲದಿದ್ದರೆ ವಾಪಸ್ ಕಳಿಸಿ. ನನ್ನ ಲೇತ್‌ನ ಏಪ್ರನ್‌ನ (ಟೂಲ್ ಓಡಿಸುವ ಹ್ಯಾಂಡಲ್‌ಗಳಿರುವ ಮುಂಭಾಗ) ಎಂ8 ಬೋಲ್ಟ್‌ಗಳು ಇನ್ನೂ ಬಾಕಿ ಇವೆ. ಅದಕ್ಕೆ ಈ ಸಲ ಕಿಟ್ ತರಿಸದೆ ಸುರುಳಿಗಳನ್ನೂ ಎಚ್‌ಎಸ್‌ಎಸ್ ಟ್ಯಾಪನ್ನೂ ಬೇರೆ ಬೇರೆ ಆರ್ಡರ್ ಮಾಡಿದ್ದೇನೆ, ದುಡ್ಡು ಜಾಸ್ತಿಯೇ ಆಯಿತು, ತೊಗರಿ ಬರುವಷ್ಟರಲ್ಲಿ ಮುಗಿಯಬೇಕು.